ಕ್ಯಾಂಪರ್‌ವ್ಯಾನ್ ಎಷ್ಟು ಉದ್ದ ಇರ್ಬೇಕು? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ನಮ್ಮ ಕ್ಯಾಂಪರ್‌ವ್ಯಾನ್, ಅಂದ್ರೆ ಒಳಗೇ ಮಲಗಿ ಅಡುಗೆ ಮಾಡ್ಕೊಂಡು ಊರೂರು ಸುತ್ತೋ ಗಾಡಿ, ಅದರ ಹತ್ರ ಬಂದವರೆಲ್ಲ ಮೊದಲು ಬಾಗಿಲಲ್ಲಿ ತಲೆ ಹಾಕಿ ನೋಡ್ತಾರೆ, ಹಾಸಿಗೆ ಒತ್ತಿ ನೋಡ್ತಾರೆ, ಸ್ಟವ್ ಎಲ್ಲಿಟ್ಟಿದೀರಾ ಅಂತಾರೆ, ಆಮೇಲೆ ಬರೋದು ಅದೇ ಪ್ರಶ್ನೆ. "ನಾವೂ ಒಂದು ಮಾಡಿಸ್ಬೇಕು ಅಂತಿದೀವಿ ಅಕ್ಕ, ಎಷ್ಟು ಉದ್ದದ್ದು ತಗೊಳ್ಳೋಣ?" ಮದುವೆ ಮನೇಲಿ ಕೇಳಿದಾರೆ, ಮರವಂತೇಲಿ ಸಮುದ್ರದ ಪಕ್ಕ ಕಾಫಿ ಕಾಯಿಸ್ತಾ ಇದ್ದಾಗ ಕೇಳಿದಾರೆ, ಪೆಟ್ರೋಲ್ ಬಂಕಲ್ಲಿ ಟೈರಿಗೆ ಗಾಳಿ ತುಂಬೋ ಹುಡುಗನೂ ಕೇಳಿದಾನೆ. ಪ್ರತಿ ಸಲ ಅರ್ಧಂಬರ್ಧ ಹೇಳಿ ಕಳಿಸ್ತಿದ್ದೆ, ಈ ಸಲ ಕೂತು ಪೂರ್ತಿ ಬರೀತಿದೀನಿ.

ಬೆಂಗಳೂರಲ್ಲಿ ಮನೆ, ಓಡಾಡೋರು ಇಬ್ಬರು ಅಂದ್ರೆ ಐದೂವರೆ ಮೀಟರ್ ಆಸುಪಾಸು, ಇದು ನನ್ನ ಉತ್ತರ. ಅದಕ್ಕಿಂತ ಉದ್ದ ಬೇಕು ಅಂದ್ರೆ ಮೊದಲು ಅದನ್ನ ನಿಲ್ಸೋ ಜಾಗ ನೋಡ್ಕೊಳ್ಳಿ, ಆಮೇಲೆ ಗಾಡಿ ನೋಡಿ. ಎಲ್ಲರೂ ಇದನ್ನ ಉಲ್ಟಾ ಮಾಡ್ತಾರೆ, ಲಡಾಖಿಗೆ ಹೋಗೋ ಕನಸಿಟ್ಕೊಂಡು ಉದ್ದ ಡಿಸೈಡ್ ಮಾಡ್ತಾರೆ, ಆದ್ರೆ ಗಾಡಿ ಲಡಾಖಲ್ಲಿ ಇರೋದು ಎಷ್ಟು ದಿನ ಹೇಳಿ? ನಾವಿಬ್ಬರೂ ಕೆಲಸಕ್ಕೆ ಹೋಗೋರು, ರಜ ಸಿಕ್ಕಾಗೆಲ್ಲ ಹೊರಡ್ತೀವಿ, ಆದ್ರೂ ಕಳೆದ ವರ್ಷ ಡೈರೀಲಿ ಬರೆದಿಟ್ಟಿದ್ದು ಲೆಕ್ಕ ಹಾಕಿದ್ರೆ ಗಾಡೀಲಿ ಮಲಗಿದ್ದು 41 ರಾತ್ರಿ. ಉಳಿದ 324 ರಾತ್ರಿ ಅದು ನಮ್ಮ ಮನೆ ಮುಂದೇನೇ ನಿಂತಿತ್ತು.

ಇದು ನನಗೆ ಅರ್ಥ ಆಗಿದ್ದು ಒಂದು ಭಾನುವಾರ ಬೆಳಿಗ್ಗೆ. ನಾವು ಮೊದಲು ಮನಸ್ಸು ಮಾಡಿದ್ದು ಏಳು ಮೀಟರ್‌ದು. ನಮ್ಮದು 30-40 ಸೈಟಲ್ಲಿರೋ ಮನೆ, 30 ಅಡಿ ಕಡೆ ರೋಡಿಗಿದೆ. ಗಾಡಿ ಬುಕ್ ಮಾಡೋಕೆ ಮುಂಚೆ ಒಂದ್ಸಲ ನೋಡ್ಬಿಡೋಣ ಅಂತ ನಮ್ಮನೆಯವರು ಟೇಪು ಹಿಡಿದ್ರು, ನಾನು ಮಗಳ ಸೀಮೆಸುಣ್ಣ ತಗೊಂಡು ರೋಡಲ್ಲಿ ಗೆರೆ ಎಳೆದೆ. 30 ಅಡಿ ಅಂದ್ರೆ 9.1 ಮೀಟರ್. ಅದ್ರಲ್ಲಿ ನಮ್ಮ ಗೇಟೇ 10 ಅಡಿ, ಅದನ್ನ ಬಿಡ್ಲೇಬೇಕು, ಸ್ಕೂಟರ್ ಕಾರು ಎಲ್ಲ ಅಲ್ಲೇ ಹೋಗಿ ಬರೋದು. ಉಳಿದಿದ್ದು 6.1 ಮೀಟರ್. ಏಳು ಮೀಟರಿಗೆ ಗೆರೆ ಎಳೆದ್ರೆ ಅದು ಪಕ್ಕದ ಮನೆ ಕಾಂಪೌಂಡ್ ದಾಟಿ ತೊಂಬತ್ತು ಸೆಂಟಿಮೀಟರ್ ಅವರ ಗೇಟ್ ಮುಂದಕ್ಕೆ ಹೋಯ್ತು. ಪಕ್ಕದ ಮನೆ ಅಂಕಲ್ ಪೇಪರ್ ಎತ್ಕೊಳ್ಳೋಕೆ ಬಂದವರು ನಿಂತು ನೋಡಿದ್ರು, ಗೆರೆ ನೋಡಿದ್ರು, ನನ್ನ ಮುಖ ನೋಡಿದ್ರು. "ಇಲ್ಲೀವರೆಗೂ ಬಂದ್ರೆ ನಮ್ಮ ಗೇಟು ಪೂರ್ತಿ ತೆಗೆಯೋಕಾಗಲ್ಲಮ್ಮ, ಇವಳನ್ನ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕಲ್ಲ" ಅಂದ್ರು. ಜಗಳಕ್ಕೇನೂ ಅಂದಿದ್ದಲ್ಲ, ಸುಮ್ನೆ ಹೇಳಿದ್ರು. ನಾನು ಅಲ್ಲೇ ಚಪ್ಪಲಿ ಕಾಲಲ್ಲಿ ಗೆರೆ ಒರೆಸಿ, ಹಿಂದಕ್ಕೆ ಬಂದು ಐದೂವರೆಗೆ ಇನ್ನೊಂದು ಗೆರೆ ಹಾಕಿದೆ. ಮೂಲೇಲಿ ಹೂಕುಂಡ ಇಡೋಷ್ಟು ಜಾಗ ಉಳೀತು.

ಹಾಗಾಗಿ ಯಾರೇ ಕೇಳಿದ್ರೂ ನಾನು ಹೇಳೋದು, ಒಂದು ಟೇಪು, ಒಂದು ಸೀಮೆಸುಣ್ಣ, ಭಾನುವಾರ ಬೆಳಿಗ್ಗೆ ಅರ್ಧ ಗಂಟೆ. ಅಪಾರ್ಟ್‌ಮೆಂಟಲ್ಲಿ ಇದ್ರೆ ಇನ್ನೂ ಹುಷಾರಾಗಿ ಅಳೀಬೇಕು. ಕಾರಿನ ಸ್ಲಾಟು ಸಾಮಾನ್ಯವಾಗಿ ಅಗಲ ಎರಡೂವರೆ, ಉದ್ದ ಐದರಿಂದ ಐದೂವರೆ ಮೀಟರ್ ಇರುತ್ತೆ, ಇನ್ನೋವಾ ಕ್ರಿಸ್ಟಾ 4.735 ಮೀಟರ್, ಅದು ನಿಂತ್ರೇನೇ ಸ್ಲಾಟ್ ತುಂಬಿದ ಹಾಗೆ ಕಾಣುತ್ತೆ. ಉದ್ದ ಆದ್ರೂ ಹೇಗೋ ಹೊಂದಿಸ್ಬಹುದು, ಬೇಸ್‌ಮೆಂಟಲ್ಲಿ ಕೈ ಕೊಡೋದು ಎತ್ತರ. ಟಿಟಿ, ಅಂದ್ರೆ ಟೆಂಪೋ ಟ್ರಾವೆಲರ್, ಎತ್ತರ ಎರಡೂವರೆ ಮೀಟರಿಗೂ ಜಾಸ್ತಿ, ಅದರ ಮೇಲೆ ಸೋಲಾರ್ ಪ್ಯಾನಲ್ಲು, ವೆಂಟ್ ಫ್ಯಾನು ಎಲ್ಲ ಕೂರಿಸಿದ್ರೆ ಇನ್ನೂ ಏರುತ್ತೆ, ಬೇಸ್‌ಮೆಂಟಿನ ಪೈಪು ಸ್ಪ್ರಿಂಕ್ಲರ್ ಎಲ್ಲ ಕಳೆದ್ರೆ ಎಷ್ಟೋ ಕಡೆ ಎರಡೂಕಾಲು ಮೀಟರೂ ಸಿಗಲ್ಲ. ಮನೆ ಪೋರ್ಟಿಕೋನೂ ಅಷ್ಟೇ, 8 ಅಡಿ ಅಂದ್ರೆ 2.44 ಮೀಟರ್, ಟಿಟಿ ಒಳಗೆ ಹೋಗಲ್ಲ. ಅಂಥವರಿಗೆ ನಾನು ಟಿಟಿ ಬೇಡವೇ ಬೇಡ ಅಂತೀನಿ.

ಸರಿ, ಐದೂವರೆಗೆ ಯಾವ ಗಾಡಿ ಬರುತ್ತೆ ಅಂದ್ರೆ, ಫೋರ್ಸ್ ಟ್ರಾವೆಲರ್ (ಟಿಟಿ ಅಂದ್ರೆ ಇದೇ) ಹೆಸರಿನ ಜೊತೆ ಬರೋ ನಂಬರ್ ನೋಡಿ, 3050, 3350, 3700, 4020, ಅದು ವೀಲ್‌ಬೇಸು, ಮಿಲಿಮೀಟರ್ ಲೆಕ್ಕದಲ್ಲಿ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ. ಬಾಡಿ ಉದ್ದ ಬೇರೆ. 3350 ಅಂದ್ರೆ ಬಾಡಿ ಸುಮಾರು ಐದೂವರೆ ಮೀಟರ್, 4020 ಅಂದ್ರೆ ಸುಮಾರು ಏಳು. ತುಂಬಾ ಜನ ಈ ನಂಬರ್ ನೋಡಿ "ನಾಲ್ಕು ಮೀಟರ್ ಗಾಡಿ ತಾನೇ" ಅಂದ್ಕೊಂಡು ಬರ್ತಾರೆ, ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಇದನ್ನ ದಯವಿಟ್ಟು ಕಣ್ಣಲ್ಲಿ ನೋಡಿ ಅಳೆದು ತಗೊಳ್ಳಿ.

ಆದ್ರೆ ಓಡಿಸೋರಿಗೆ ಬಾಡಿ ಉದ್ದಕ್ಕಿಂತ ಆ ವೀಲ್‌ಬೇಸೇ ಮುಖ್ಯ. ಸ್ಟೇರಿಂಗ್ ಎರಡೂ ಗಾಡೀಲಿ ಒಂದೇ ಅಷ್ಟು ಕಟ್ ಆಗುತ್ತೆ ಅಂದ್ಕೊಳ್ಳಿ, 3350 ಇಂದ 4020ಕ್ಕೆ ಹೋದ್ರೆ ವೀಲ್‌ಬೇಸ್ 20 ಪರ್ಸೆಂಟ್ ಜಾಸ್ತಿ, ಗಾಡಿ ತಿರುಗೋಕೆ ಬೇಕಾದ ಸುತ್ತಳತೇನೂ 20 ಪರ್ಸೆಂಟ್ ಜಾಸ್ತಿ. ಆಗುಂಬೆ ಘಾಟಿಯ 14 ಹೇರ್‌ಪಿನ್‌ಗಳಲ್ಲಿ, ಮಸಿನಗುಡಿಯಿಂದ ಊಟಿಗೆ ಹತ್ತೋ ಕಲ್ಲಟ್ಟಿ ಘಾಟಿಯ 36 ತಿರುವಲ್ಲಿ ಆ 20 ಪರ್ಸೆಂಟ್ ಕೈಗೆ ಗೊತ್ತಾಗುತ್ತೆ, ಒಂದೇ ಸಲಕ್ಕೆ ತಿರುಗೋದಕ್ಕೂ ಮಧ್ಯದಲ್ಲಿ ನಿಲ್ಲಿಸಿ ರಿವರ್ಸ್ ತಗೊಂಡು ತಿರುಗೋದಕ್ಕೂ ಇರೋ ವ್ಯತ್ಯಾಸ ಅದು, ಅದೂ ಹಿಂದೆ ಬಸ್ಸು ಹಾರ್ನ್ ಹೊಡೀತಿರೋವಾಗ.

ಇನ್ನೊಂದು, ಹಿಂದಿನ ಓವರ್‌ಹ್ಯಾಂಗು. ಹಿಂದಿನ ಚಕ್ರದ ಆಚೆ ನೇತಾಡೋ ಬಾಡಿ. ಏಳು ಮೀಟರಿನ ಗಾಡೀಲಿ ಅದು ಸುಮಾರು ಎರಡು ಮೀಟರ್. ನಾವು ಬುಕ್ ಮಾಡೋಕೆ ಮುಂಚೆ ಪರಿಚಯದವರ ಉದ್ದದ ಟಿಟಿ ಕೇಳಿ ತಗೊಂಡು ಸಕಲೇಶಪುರದ ಕಡೆ ಒಂದು ಎಸ್ಟೇಟಿಗೆ ಹೋಗಿದ್ವಿ, ಡ್ರೈವಿಂಗ್ ನಾನೇ. ಗೇಟಿಂದ ಆಚೆ ಬರೋವಾಗ ಬಲಕ್ಕೆ ಕಟ್ ಹೊಡೆದೆ, ಮುಂಭಾಗ ಚೆನ್ನಾಗಿ ಬಂತು, ಕನ್ನಡಿಯಲ್ಲಿ ಬಲಗಡೆ ಎಲ್ಲ ಸರಿ ಇತ್ತು, ಎಡಗಡೆ ಹಿಂದಿನ ಮೂಲೆ ಹೊರಕ್ಕೆ ಬೀಸ್ಕೊಂಡು ಹೋಗಿ ಗೇಟಿನ ಕಲ್ಲುಕಂಬಕ್ಕೆ ತಾಗ್ತು. ಇಳಿದು ನೋಡಿದ್ರೆ ಟೈಲ್ ಲ್ಯಾಂಪ್ ಒಡೆದು ಕೆಂಪು ಚೂರು ಕಾಫಿ ಎಲೆ ಮೇಲೆ ಬಿದ್ದಿತ್ತು, ಕಂಬದ ಮೇಲೆ ಬಿಳೀ ಬಣ್ಣದ ಗೀರು, ಅಂಗೈ ಅಗಲ. ಮುಂದಿನ ಚಕ್ರ ಎಡಕ್ಕೋ ಬಲಕ್ಕೋ ಹೋದ್ರೆ ಹಿಂಭಾಗದ ಮೂಲೆ ಅದರ ಎದುರು ದಿಕ್ಕಿಗೆ ಬೀಸುತ್ತೆ, ಓವರ್‌ಹ್ಯಾಂಗ್ ಉದ್ದ ಆದಷ್ಟೂ ಬೀಸು ಜಾಸ್ತಿ. ಅವತ್ತು ಕಂಬ ಇತ್ತು. ನಮ್ಮ ಬೀದೀಲಿ ಆ ಜಾಗದಲ್ಲಿ ಹೂವಿನವರ ತಳ್ಳುಗಾಡಿ ಇರುತ್ತೆ, ಸೈಕಲ್ ಹೊಡೆಯೋ ಮಕ್ಕಳಿರ್ತಾರೆ. ಆ ಯೋಚನೆ ಬಂದಮೇಲೆ ನನಗೆ ಏಳು ಮೀಟರಿನ ಆಸೆ ಪೂರ್ತಿ ಹೋಯ್ತು. ಲ್ಯಾಂಪಿನ ದುಡ್ಡು ಕೊಟ್ವಿ, ಅವರು ಬೇಡ ಅಂದ್ರೂ ಕೊಟ್ವಿ.

ಒಳಗಿನ ವಿಷ್ಯಕ್ಕೆ ಬರೋಣ. ಒಳಗೆ ಉದ್ದ ನುಂಗೋದು ಹಾಸಿಗೆ. ನಮ್ಮನೆಯವರು 5 ಅಡಿ 10 ಇಂಚು, ಅಂದ್ರೆ 178 ಸೆಂಟಿಮೀಟರ್. ಇನ್ಸುಲೇಶನ್ನು, ಪ್ಲೈವುಡ್ಡು ಎಲ್ಲ ಹೊಡೆದಮೇಲೆ ನಮ್ಮ ಗಾಡೀಲಿ ಈ ಗೋಡೆಯಿಂದ ಆ ಗೋಡೆಗೆ 168 ಬಂತು. ಅಡ್ಡ ಮಲಗೋಕಾಗಲ್ಲ, ಮಂಡಿ ಮಡಚ್ಕೊಂಡೇ ಮಲಗ್ಬೇಕು. ಹಾಗಾಗಿ ಹಾಸಿಗೆ ಉದ್ದುದ್ದ ಹಾಕಿದ್ವಿ, 190 ಸೆಂಟಿಮೀಟರ್ ಅದಕ್ಕೇ ಹೋಯ್ತು, ಉಳಿದ ಜಾಗದಲ್ಲಿ ಅಡುಗೆ ಕಟ್ಟೆ, ಸಿಂಕು, ಕೆಳಗೆ ನೀರಿನ ಟ್ಯಾಂಕು. ನೀವಿಬ್ಬರೂ ಐದಡಿ ನಾಲ್ಕಿಂಚು ಇದ್ರೆ ಅಡ್ಡ ಹಾಸಿಗೆ ಹಾಕ್ಬಹುದು, ಆಗ 3050 ಸಾಕಾಗುತ್ತೆ, ಆ ಗಾಡಿ ನೋಡಿದ್ರೆ ನನಗೆ ಈಗ್ಲೂ ಆಸೆ. ಹಾಗಾಗಿ ಶೋರೂಮಿಗೆ ಹೋಗೋಕೆ ಮುಂಚೆ ಮನೇಲಿ ಗೋಡೆಗೆ ನಿಂತು ಎತ್ತರ ಅಳ್ಕೊಳ್ಳಿ, ಇದು ಚಿಕ್ಕ ಮಾತಲ್ಲ.

ಹಾಗಾದ್ರೆ ಆ ಹೆಚ್ಚಿನ ಒಂದೂವರೆ ಮೀಟರಲ್ಲಿ ಏನು ಸಿಗುತ್ತೆ? ಬಾತ್‌ರೂಮು. ಬಾಗಿಲು ಹಾಕ್ಕೊಳ್ಳೋ ಹಾಗಿರೋ, ನಿಂತು ಸ್ನಾನ ಮಾಡೋ ಹಾಗಿರೋ ಜಾಗ. ನಾವು ಹಾಸಿಗೆ ಕೆಳಗೆ ಪೋರ್ಟಬಲ್ ಟಾಯ್ಲೆಟ್ ಇಟ್ಕೊಂಡು ನಿಭಾಯಿಸ್ತೀವಿ, ಸ್ನಾನ ಹಿಂದಿನ ಬಾಗಿಲಿಗೆ ಪರದೆ ಕಟ್ಟಿ. ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರಿಗೆ ಇದು ಆಗಲ್ಲ, ರಾತ್ರಿ ಎರಡು ಸಲ ಏಳೋರಿಗೆ ಬಾತ್‌ರೂಮ್ ಗಾಡಿ ಒಳಗೇ ಇರ್ಬೇಕು. ನನ್ನನ್ನ ಕೇಳಿದವರಲ್ಲಿ ಒಬ್ಬರು ತಾಯಿಗೋಸ್ಕರಾನೇ ಮಾಡಿಸ್ತಿದ್ರು, ನೆಲಮಂಗಲದ ಹತ್ರ ಸ್ವಂತ ಖಾಲಿ ಸೈಟೂ ಇತ್ತು, ಅವರಿಗೆ ನಾನೇ 4020 ತಗೊಳ್ಳಿ ಅಂದೆ. ಸ್ವಂತ ಸೈಟಿಲ್ಲ, ಬಾಡಿಗೆಗೆ ಖಾಲಿ ಸೈಟ್ ನೋಡ್ತೀನಿ ಅನ್ನೋರಿಗೆ ಒಂದು ಮಾತು, ಗಾಡಿ ಮನೆಯಿಂದ ದೂರ ಇದ್ರೆ ಶುಕ್ರವಾರ ಸಂಜೆ ಹೊರಡೋ ಮನಸ್ಸೇ ಬರಲ್ಲ. ತರಕಾರಿ, ನೀರು, ಬಟ್ಟೆ ಎಲ್ಲ ಇನ್ನೊಂದು ಗಾಡೀಲಿ ಹೊತ್ತು ಟ್ರಾಫಿಕ್ಕಲ್ಲಿ ಅಲ್ಲಿಗೆ ಹೋಗ್ಬೇಕು.

ದಾರೀಲಿ ನಿಲ್ಲಿಸೋದೂ ಯೋಚನೆ ಮಾಡಿ. ಬಂಡೀಪುರ ಕಾಡಿನ ರೋಡು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ನಾವು ಎಷ್ಟೋ ಸಲ ಲೇಟಾಗಿ ಬಂದು ಗುಂಡ್ಲುಪೇಟೆ ಹತ್ರಾನೇ ರಾತ್ರಿ ಕಳೆದಿದೀವಿ. ಢಾಬಾದವರನ್ನ ಕೇಳಿದ್ರೆ ಕಾರು ನಿಲ್ಸೋ ಸಾಲಲ್ಲೇ, ಬೆಳಕಿರೋ ಕಡೆ ಜಾಗ ಕೊಡ್ತಾರೆ, ಇನ್ನೋವಾಗಿಂತ ಮುಕ್ಕಾಲು ಮೀಟರ್ ಉದ್ದ ಅಷ್ಟೇ ತಾನೇ. ಆ ಪರಿಚಯದವರ ಉದ್ದದ ಗಾಡೀಲಿ ಹೋದಾಗ ಲಾರಿ ಸಾಲಿಗೆ ಕಳ್ಸಿದ್ರು, ರಾತ್ರಿಯಿಡೀ ಪಕ್ಕದಲ್ಲಿ ಇಂಜಿನ್ ಶಬ್ದ.

ಅಪಾರ್ಟ್‌ಮೆಂಟ್ ಸ್ಲಾಟ್ ಬಿಟ್ರೆ ಬೇರೆ ಜಾಗ ಇಲ್ಲ ಅನ್ನೋರಿಗೆ ಮಾರುತಿ ಈಕೋ. 3.675 ಮೀಟರ್ ಉದ್ದ, ಎತ್ತರ ಎರಡು ಮೀಟರ್ ಒಳಗೆ, ಬೇಸ್‌ಮೆಂಟಿಗೆ ಆರಾಮಾಗಿ ಇಳಿಯುತ್ತೆ. ಐದು ಮೀಟರಿನ ಸ್ಲಾಟಲ್ಲಿ ನಿಲ್ಸಿದ್ರೆ ಇನ್ನೂ 1.3 ಮೀಟರ್ ಉಳಿಯುತ್ತೆ, ಹಿಂದಿನ ಡಿಕ್ಕಿ ಎತ್ತಿ ಸಾಮಾನು ತುಂಬ್ಕೋಬಹುದು. ಅಗಲ ಒಂದೂವರೆ ಮೀಟರೂ ಇಲ್ಲ, ಅಡ್ಡ ಮಲಗೋ ಪ್ರಶ್ನೆಯೇ ಇಲ್ಲ, ಮುಂದಿನ ಸೀಟು ಮುಂದಕ್ಕೆ ತಳ್ಳಿ ಉದ್ದುದ್ದ ಮಲಗ್ಬೇಕು. ಒಳಗೆ ನಿಲ್ಲೋಕಾಗಲ್ಲ, ಮಳೇಲಿ ಅಡುಗೆ ಕಷ್ಟ. ಒಬ್ಬರಿಗೆ, ಅಥವಾ ಹೊಂದ್ಕೊಂಡು ಹೋಗೋ ಇಬ್ಬರಿಗೆ ಧಾರಾಳ.

ಕಾನೂನಿನ ಬಗ್ಗೆ ಚಿಕ್ಕದಾಗಿ. ಗಾಡಿ ಕಂಪನಿ ಕೊಟ್ಟ ರೂಪ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಅಡ್ಡ ಬರುತ್ತೆ, 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನ ಗಟ್ಟಿಯಾಗಿ ಹೇಳಿದೆ. ಹಾಗಾಗಿ ಹಿಂಭಾಗ ಕತ್ತರಿಸಿ ಉದ್ದ ಮಾಡ್ಕೊಡ್ತೀನಿ ಅನ್ನೋ ಬಾಡಿ ಬಿಲ್ಡರ್ ಸಿಕ್ರೆ ಬೇಡ ಅಂದ್ಬಿಡಿ, ಬೇಕಾದ ಉದ್ದದ ಗಾಡೀನೇ ತಗೊಳ್ಳಿ, ಒಳಗಿನ ಕೆಲಸಕ್ಕೂ ಆರ್‌ಟಿಒ ಹತ್ರ ಮೊದಲೇ ವಿಚಾರಿಸಿ.

ಹೋದ ತಿಂಗಳು ಯಲಹಂಕದಿಂದ ಒಂದು ಜೋಡಿ ಬಂದಿದ್ರು, ಉದ್ದದ್ದೇ ಬೇಕು ಅಂತ ಅಡ್ವಾನ್ಸ್ ಕೊಡೋಕೆ ರೆಡಿ ಇದ್ರು. ನಾನು ನಮ್ಮ ಟೇಪು ಕೊಟ್ಟು ಕಳಿಸ್ದೆ. ಭಾನುವಾರ ಬೆಳಿಗ್ಗೆ ಫೋಟೋ ಬಂತು, ಕಾಂಕ್ರೀಟ್ ರೋಡ್ ಮೇಲೆ ಸೀಮೆಸುಣ್ಣದ ಗೆರೆ, ಗೆರೆ ಕೊನೇಲಿ ಟ್ರಾನ್ಸ್‌ಫಾರ್ಮರ್ ಬೇಲಿ. "ಅಕ್ಕ, 5.2 ಮೀಟರ್ ಅಷ್ಟೇ ಇದೆ, ಏನ್ಮಾಡೋದು?" ಅಂತ ಕೇಳಿದ್ರು. ಅವಳೆಷ್ಟು ಎತ್ತರ, ಅವನೆಷ್ಟು ಎತ್ತರ ಕಳ್ಸಿ ಅಂದಿದೀನಿ. ಇಬ್ಬರೂ ಅಡ್ಡ ಮಲಗೋ ಹಾಗಿದ್ರೆ 3050 ಮಾಡಿಸ್ಬಹುದು, ಬುಧವಾರ ಬಾಡಿ ಬಿಲ್ಡರ್ ಹತ್ರ ಜೊತೇಲಿ ಹೋಗ್ತಿದೀವಿ.