ಕ್ಲೋಸ್ಡ್ ಮೀಟಿಂಗ್

9 ಜೂನ್ 2024, ಭಾನುವಾರ, ರಾತ್ರಿ 10.20
ದಾಸರಹಳ್ಳಿ

ಕುಡಿತ ಬಿಟ್ಟು ಇವತ್ತಿಗೆ 23 ದಿನ.

ಮೀಟಿಂಗ್‌ಗೆ ಹೋಗೋಕೆ ಇಷ್ಟು ದಿನ ಯಾಕಾಯ್ತು ಅಂತ ಹೇಳಿದ್ರೆ ನಗ್ತೀರಿ. ಆಸ್ಪತ್ರೆಯ ಕೌನ್ಸೆಲರ್ ಮೇಡಂ ಆಲ್ಕೋಹಾಲಿಕ್ಸ್ ಅನಾನಿಮಸ್ ಅನ್ನೋ, ಕುಡಿತ ಬಿಡೋರೇ ಸೇರಿ ನಡೆಸೋ ಕೂಟದ ಮೀಟಿಂಗ್ ಪಟ್ಟಿ ಪ್ರಿಂಟ್ ತೆಗೆದು ಕೊಟ್ಟಿದ್ದರು. ವಾರ, ಸಮಯ, ಜಾಗ, ಭಾಷೆ ಎಲ್ಲ ಇತ್ತು. ನಮ್ಮನೆಗೆ ಹತ್ತಿರ ಇದ್ದ ಕನ್ನಡದ ಮೀಟಿಂಗಿನ ಮುಂದೆ ‘ಕ್ಲೋಸ್ಡ್’ ಅಂತ ಬರೆದಿತ್ತು. ಸರಿ, ಮುಚ್ಚಿಹೋಗಿದೆ ಅಂದುಕೊಂಡೆ. ನಿಜ ಹೇಳ್ತೀನಿ, ಹಾಯೆನಿಸಿತು. ಹೋಗದೇ ಇರೋಕೆ ಪ್ರಿಂಟಾದ ಕಾರಣವೇ ಸಿಕ್ಕಿತ್ತಲ್ಲ!

ನನ್ನ ಹೆಂಡತಿ ನಂಬಲಿಲ್ಲ. ಮೊನ್ನೆ ಪಟ್ಟಿಯ ಕೆಳಗಿದ್ದ ನಂಬರಿಗೆ ತಾನೇ ಫೋನ್ ಹಚ್ಚಿ ನನ್ನ ಕೈಗಿಟ್ಟಳು. ಆ ಕಡೆಯವರು ನಕ್ಕುಬಿಟ್ಟರು. “ಮುಚ್ಚಿದೆ ಅಂತಲ್ಲ ಸಾರ್. ಕುಡಿತ ಬಿಡಬೇಕು ಅನ್ನೋರು ಮಾತ್ರ ಕೂರೋದು ಕ್ಲೋಸ್ಡ್. ಮನೆಯವರೂ ಬರಬಹುದು ಅಂದ್ರೆ ಓಪನ್. ನಿಮಗೆ ಬಿಡಬೇಕು ಅಂತ ಇದೆಯಾ?” ಇದೆ ಅಂದೆ. “ಮುಗೀತಲ್ಲ, ಭಾನುವಾರ ಆರೂವರೆಗೆ ಬನ್ನಿ.” ಹೆಸರು, ಊರು, ಕೆಲಸ ಏನೂ ಕೇಳಲಿಲ್ಲ.

ಚರ್ಚ್ ಕಾಂಪೌಂಡಿನಲ್ಲಿರೋ ಶಾಲೆಯ ಒಂದು ಕ್ಲಾಸ್‌ರೂಮು. ಗೇಟಿನ ಮುಂದೆ ಎರಡು ಸಲ ಹಾದು ಹೋದೆ. ಪರಿಚಯದವರು ನೋಡಿಬಿಟ್ಟರೆ? ಬೆಳಗ್ಗೆ ಬಾಗಿಲು ತೆಗೆಯೋ ಮೊದಲೇ ಬಾರ್ ಮುಂದೆ ನಿಂತಿರುತ್ತಿದ್ದ ಮನುಷ್ಯ ನಾನು, ಆವಾಗ ಇಲ್ಲದ ಮರ್ಯಾದೆ ಈಗ ಎಲ್ಲಿಂದ ಬಂತೋ. ಒಳಗೆ ಹನ್ನೊಂದು ಜನ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಗೋಡೆ ಮೇಲೆ ಹದಿಮೂರರ ಮಗ್ಗಿ. ಸ್ಟೀಲ್ ಕ್ಯಾನಿನಲ್ಲಿ ಚಹಾ, ಮಾರಿ ಬಿಸ್ಕತ್ತು.

ಯಾರು ಏನು ಹೇಳಿದರು ಅಂತ ಇಲ್ಲಿ ಬರೆಯಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಬಿಟ್ಟು ಬರಬೇಕು, ಅದು ಕರಾರು. ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಬಂತು. ಬಾಡಿಗೆ, ಚಹಾ ಎಲ್ಲ ಅದರಲ್ಲೇ ನಡೆಯಬೇಕಂತೆ, ಹೊರಗಿನವರ ದುಡ್ಡು ಮುಟ್ಟೋ ಹಾಗಿಲ್ಲ. ನಾನು ಐವತ್ತು ತೆಗೆದರೆ ಪಕ್ಕದವರು ಕೈ ಹಿಡಿದು, “ಹೊಸಬರು ಹಾಕೋದು ಬೇಡ” ಅಂದರು.

ಆಮೇಲೆ ಈ ಕೂಟ ಹುಟ್ಟಿದ ಕಥೆಯ ಒಂದು ಕಿರುಹೊತ್ತಿಗೆ ಕೊಟ್ಟರು, ಬಸ್ಸಲ್ಲಿ ಓದಿದೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲೊಂದರಲ್ಲಿ ಷೇರು ವ್ಯವಹಾರದವನೊಬ್ಬ, ಬಂದ ಕೆಲಸ ಕೆಟ್ಟು, ನಿಂತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳು. ಒಂದು ಕಡೆ ಬಾರು, ಇನ್ನೊಂದು ಕಡೆ ಫೋನು. ಮಾತಾಡೋಕೆ ಇನ್ನೊಬ್ಬ ಕುಡುಕ ಬೇಕು ಅಂತ ಅವನು ಫೋನ್ ಮಾಡಿದ. ಅದರಿಂದ ಸಿಕ್ಕಿದವರು ಒಬ್ಬ ಕುಡುಕ ಸರ್ಜನ್. ಬಿಡೋ ಪ್ರಯತ್ನದಲ್ಲಿದ್ದ ಆ ಡಾಕ್ಟರು ಒಮ್ಮೆ ಜಾರಿ, ಮತ್ತೆ ಕುಡಿದು ಬಂದರು. ಆಪರೇಷನ್ ದಿನ ಕೈ ನಡುಗುತ್ತಿತ್ತು. ನಡುಕ ನಿಲ್ಲಲಿ ಅಂತ ಇವನೇ ಒಂದು ಬಿಯರ್ ಕುಡಿಸಿ ಕಳಿಸಿದನಂತೆ. ಡಾಕ್ಟರ ಕೊನೇ ಕುಡಿತ ಅದೇ. ಜೂನ್ 10 ಅಂತ ಲೆಕ್ಕ. ನಾಳೆಗೆ 89 ವರ್ಷ.

ಆ ಬಿಯರಿನ ಹತ್ತಿರ ಬಂದಾಗ ಪುಸ್ತಕ ಮಡಚಿಬಿಟ್ಟೆ. ಪೀಣ್ಯದಲ್ಲಿ ನಾನು ಲೇತ್ ಮೆಷಿನ್ ಮೇಲಿರೋನು. ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗ ನೋಡಬೇಕು. ಬೆಳಗ್ಗೆ ಒಂದು ನೈಂಟಿ ಹಾಕದಿದ್ದರೆ ಗೆರೆಯೇ ನಿಲ್ಲುತ್ತಿರಲಿಲ್ಲ. ಕೆಲಸ ಉಳಿಸಿಕೊಳ್ಳೋಕೆ ಕುಡೀತೀನಿ ಅಂತ ಹೆಂಡತಿಗೆ ವಾದ ಮಾಡುತ್ತಿದ್ದೆ, ಅದು ಸುಳ್ಳೂ ಆಗಿರಲಿಲ್ಲ ಅನ್ನೋದೇ ಗ್ರಹಚಾರ. ಈಗ ನಡುಕ ಇಲ್ಲ. ಆದರೆ ಅದು ನಿಂತದ್ದು ಗಟ್ಟಿ ಮನಸ್ಸಿನಿಂದಲ್ಲ, ಆಸ್ಪತ್ರೆಯ ಮಾತ್ರೆ ಮತ್ತು ಇಂಜೆಕ್ಷನ್‌ನಿಂದ. ದಿನಾ ಕುಡಿಯೋರು ಇದನ್ನು ಓದುತ್ತಿದ್ದರೆ ದಯವಿಟ್ಟು ಹಟ ಹಿಡಿದು ಮನೆಯಲ್ಲೇ ಒಮ್ಮೆಗೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರು. ಯಾರನ್ನು ಕೇಳಬೇಕು ಗೊತ್ತಿಲ್ಲ ಅಂದ್ರೆ ಚಟ ಬಿಡೋರಿಗಿರೋ ಸರ್ಕಾರದ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಉಚಿತ.

ನಾನು ಬಿಟ್ಟಿದ್ದು ಇದೇ ಮೊದಲಲ್ಲ. 2022ರಲ್ಲಿ ತರೀಕೆರೆ ಕಡೆ ನಮ್ಮೂರಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಲ್ಲಿ ಎಂಟು ದಿನ ಇದ್ದೆ. ಭಜನೆ, ಯೋಗ, ಮಾತು. ಊರಿಗೆ ಊರೇ ನೋಡಿತು. ಆಮೇಲೆ ನವಜೀವನ ಸಮಿತಿ ಅಂತ, ಬಿಟ್ಟವರೆಲ್ಲ ಸೇರಿ ಕೂರುತ್ತಿದ್ದೆವು. ಒಂದು ವಾರ ತಪ್ಪಿಸಿದರೆ ಯಾರಾದರೂ ಅಂಗಳಕ್ಕೇ ಬಂದು, “ಎಂತ ಮಾರಾಯ, ಹುಷಾರಿಲ್ವಾ?” ಅನ್ನೋರು. ಹದಿನಾಲ್ಕು ತಿಂಗಳು ಹಾಗೆ ಕಳೆಯಿತು. ಬೆಂಗಳೂರಿಗೆ ವಾಪಸ್ ಬಂದೆ. ಇಲ್ಲಿ ಅಂಗಳವೂ ಇಲ್ಲ, ಕೇಳೋರೂ ಇಲ್ಲ. ಎರಡೇ ತಿಂಗಳಿಗೆ ಶುರುವಾಯ್ತು. ತಪ್ಪು ಶಿಬಿರದ್ದಲ್ಲ. ಬಿಟ್ಟಾಯ್ತು, ಇನ್ನೇನು ಅಂದುಕೊಂಡವನು ನಾನು.

ಊರಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ ನನ್ನನ್ನು ಹಿಡಿದಿತ್ತು. ಇಲ್ಲಿ ನನ್ನ ಅಡ್ಡಹೆಸರೂ ಯಾರಿಗೂ ಗೊತ್ತಿಲ್ಲ. ಇದು ಎಷ್ಟು ದಿನ ಹಿಡಿಯುತ್ತೋ ನೋಡಬೇಕು. ಹೊರಡುವಾಗ ಇಬ್ಬರು ನಂಬರ್ ಬರೆದುಕೊಟ್ಟರು. ಕುಡಿದ ಮೇಲಲ್ಲ, ಕುಡಿಯೋ ಮುಂಚೆ ಫೋನ್ ಮಾಡಿ ಅಂದರು.

ಮನೆಗೆ ಬಂದಾಗ ಹೆಂಡತಿ ನನ್ನ ಬಾಯಿ ಹತ್ತಿರ ಮೂಗು ತಂದಳು, ಅಭ್ಯಾಸ. ಚಹಾ ವಾಸನೆ. ಆಮೇಲೆ ಪಟ್ಟಿ ತೆಗೆದು ಬೆರಳಿಟ್ಟು ಓದುತ್ತಾ ಕೂತಳು.

“ಗುರುವಾರದ್ದು ಓಪನ್ ಅಂತಿದೆ. ನಾನೂ ಬರಬಹುದಾ?”

“ಬರಬಹುದು. ಮಲ್ಲೇಶ್ವರ, ಸ್ವಲ್ಪ ದೂರ.”

“ಹಾಗಾದ್ರೆ ಬೆಳಗ್ಗೆನೇ ಸಾರು ಮಾಡಿಡ್ತೀನಿ.”

ನಾಳೆ ಆರಕ್ಕೆ ಫಸ್ಟ್ ಶಿಫ್ಟ್. ಮಲಗಬೇಕು.