ಲೆನ್ಸ್ ಒಳಗಿನ ಹದಿನಾರು ಮನೆ: 18-300 ಕೊನೆಗೂ ದಾರಿಗೆ ಬಂತು

ಇವತ್ತು ಬೆಳಗ್ಗೆ ಆರೂ ಮುಕ್ಕಾಲಿಗೆ ಎದುರು ಮನೆಯ ಸಿಂಟೆಕ್ಸ್ ಮೇಲೆ ಕೂತ ಕಾಗೆಯ ಕಣ್ಣಲ್ಲಿ ಸೂರ್ಯನ ಚುಕ್ಕೆ ಕಂಡಿತು. ಹಿಡಿದದ್ದು ನನ್ನ 18-300 ಜೂಮ್, ಅಂದರೆ 18 ಎಂಎಂನ ಅಗಲ ನೋಟದಿಂದ 300 ಎಂಎಂನ ದೂರದ ನೋಟದವರೆಗೆ ಒಂದೇ ಲೆನ್ಸ್. 300 ಎಂಎಂ, ಎಫ್ 6.3 (ಬೆಳಕು ಬಿಡುವ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು), ಫೋಕಸ್ ಮಾಡಿದ್ದು ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲೇ. ಐದು ಫ್ರೇಮ್ ತೆಗೆದೆ, ಐದರಲ್ಲೂ ಕಣ್ಣು ಸ್ಫುಟವಾಗಿದೆ. ಹನ್ನೊಂದು ವಾರದಿಂದ ಈ ಒಂದು ಚುಕ್ಕೆಗಾಗಿ ಒದ್ದಾಡಿದ್ದೆ. ಕಾಫಿ ಹಿಡಿದು ತಾರಸಿಗೆ ಬಂದ ಅಮ್ಮ, "ಪಿಂಡ ಇಡದೇನೇ ಕಾಗೆ ಬಂದು ಕೂತಿದೆ, ನಿನ್ನ ಅದೃಷ್ಟ ಕಣೋ" ಅಂದರು.

ಈ ಲೆನ್ಸ್ ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಮೈಸೂರಿನಿಂದ ಒಂದೇ ದಿನದ ಸುತ್ತು: ಬೆಳಗ್ಗೆ ರಂಗನತಿಟ್ಟಿನ ದೋಣಿ, ಮಧ್ಯಾಹ್ನ ತಲಕಾಡು, ಸಂಜೆ ಬೆಳಕಿಗೆ ಸೋಮನಾಥಪುರ. ಹಕ್ಕಿ, ಮರಳು, ಶಿಲ್ಪ, ಮೂರಕ್ಕೂ ಬೇಕಾದ ಲೆನ್ಸ್ ಬೇರೆ ಬೇರೆ. 18-55, 70-300 ಎರಡನ್ನೂ ಹೊತ್ತು ತಿರುಗುತ್ತಿದ್ದೆ. ದೋಣಿಯವರು ಮೊಸಳೆಯ ಪಕ್ಕಕ್ಕೇ ಒಯ್ದಾಗ 70ಕ್ಕೆ ಇಳಿಸಿದರೂ ಅದು ಫ್ರೇಮಿಗೆ ಹಿಡಿಸಲಿಲ್ಲ, ತಲೆ ಸಿಕ್ಕರೆ ಬಾಲವಿಲ್ಲ. ತಲಕಾಡಿನ ಮರಳಲ್ಲಿ ಲೆನ್ಸ್ ಬದಲಾಯಿಸುವಾಗ ಕ್ಯಾಮೆರಾ ಒಳಗೆ ಧೂಳು ಹೊಕ್ಕಿದ್ದರ ಫಲ, ಅವತ್ತು ಸೋಮನಾಥಪುರದಲ್ಲಿ ತೆಗೆದ ಪ್ರತಿ ಚಿತ್ರದ ಆಕಾಶದಲ್ಲೂ ಒಂದೇ ಜಾಗದಲ್ಲಿ ಮೂರು ಕಪ್ಪು ಚುಕ್ಕೆ. ಅಲ್ಲಿಗೆ ನಿರ್ಧಾರವಾಯಿತು: ಇನ್ನು ಒಂದೇ ಲೆನ್ಸ್, ದಿನವಿಡೀ ಬಿಚ್ಚುವ ಮಾತಿಲ್ಲ.

ಟ್ಯಾಮ್ರಾನ್ 18-400 ತುಂಬ ಆಸೆ ಹುಟ್ಟಿಸಿತ್ತು. 2017ರಲ್ಲಿ ಬಂದದ್ದು, 22 ಪಟ್ಟು ಜೂಮ್. ಆದರೆ ತೂಕ 700 ಗ್ರಾಂ ದಾಟುತ್ತದೆ. ನಿಕಾನ್‌ನ ಸ್ವಂತ 18-300, ಎಫ್ 3.5-6.3 ಇರುವುದು, 550 ಗ್ರಾಂ. ನಾನು ಕೊನೆಗೆ ಸಿಗ್ಮಾ 18-300 ಕಂಟೆಂಪರರಿಗೆ ನಿಂತೆ: 585 ಗ್ರಾಂ, 39 ಸೆಂಟಿಮೀಟರ್ ಹತ್ತಿರದವರೆಗೆ ಫೋಕಸ್, ಜೊತೆಗೆ ಯುಎಸ್‌ಬಿ ಡಾಕ್ (ಲೆನ್ಸನ್ನು ಕಂಪ್ಯೂಟರಿಗೆ ಜೋಡಿಸಿ ಫೋಕಸ್ ತಿದ್ದುವ ಸಾಧನ) ಹಾಕುವ ಅನುಕೂಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು, ಗಾಜು ಹೊಸದರ ಹಾಗಿತ್ತು. ಎಫ್ 6.3 ಅಂದರೆ ಕತ್ತಲೆ ಲೆನ್ಸ್ ಎಂದು ಮೂಗು ಮುರಿಯುವವರಿಗೆ ನನ್ನ ಉತ್ತರ ಇಷ್ಟೇ: ಚೀಲದಲ್ಲಿ ಕೂತ ಎಫ್ 2.8ಗಿಂತ ಕೈಯಲ್ಲಿರುವ ಎಫ್ 6.3 ಮೇಲು.

ತೊಂದರೆ ಮೊದಲ ದಿನವೇ ಶುರು. 18ರಲ್ಲಿ ಎಲ್ಲ ಚೆಂದ. 300ಕ್ಕೆ ಹೋದರೆ ಮಬ್ಬು. ನೀವೆಲ್ಲ ಅನುಮಾನ ಪಡುವುದನ್ನೇ ನಾನೂ ಪಟ್ಟೆ: ಕೈ ನಡುಕ, ಬಿಸಿಲ ಝಳ, ಲೆನ್ಸ್ ಜೊತೆ ಪುಕ್ಕಟೆ ಬಂದ ಯುವಿ ಫಿಲ್ಟರ್. ಟ್ರೈಪಾಡ್ ಹಾಕಿದೆ, ನಡುಕ ತಡೆಯುವ ಓಎಸ್ ಆಫ್ ಮಾಡಿದೆ, ಬೆಳಗ್ಗೆಯೇ ತೆಗೆದೆ, ಫಿಲ್ಟರ್ ಕಿತ್ತೆ. ಕಿತ್ತದ್ದಕ್ಕೆ ಕಾಂಟ್ರಾಸ್ಟ್ ಸ್ವಲ್ಪ ಸುಧಾರಿಸಿತು ನಿಜ, ಮಬ್ಬು ಮಾತ್ರ ಹೋಗಲಿಲ್ಲ. ಆಮೇಲೆ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆಯಲ್ಲಿ ನೋಡಿಕೊಂಡು, ಫೋಕಸ್ ಮಾಡಿ ತೆಗೆದೆ. ಗೋಡೆಯ ಸುಣ್ಣದ ಬಿರುಕು ಕೂದಲೆಳೆಯ ಹಾಗೆ ಕಂಡಿತು! ಅಂದರೆ ಗಾಜು ಸರಿಯಿದೆ, ವ್ಯೂಫೈಂಡರ್‌ನ ಫೋಕಸ್ ಎಡವುತ್ತಿದೆ. ಓರೆಯಾಗಿ ಇಟ್ಟ ಸ್ಕೇಲಿನ 15ಕ್ಕೆ ಫೋಕಸ್ ಇಟ್ಟರೆ 12ರ ಗೆರೆ ಚೂಪಾಗಿ ಬರುತ್ತಿತ್ತು. ಶುದ್ಧ ಫ್ರಂಟ್ ಫೋಕಸ್, ಅಂದರೆ ಫೋಕಸ್ ಗುರಿಗಿಂತ ಮುಂದೆ, ಕ್ಯಾಮೆರಾ ಕಡೆಗೇ ನಿಲ್ಲುವುದು. 300 ಎಂಎಂ, ಎಫ್ 6.3ರಲ್ಲಿ ಹತ್ತು ಮೀಟರ್ ದೂರದ ಹಕ್ಕಿಗೆ ಸ್ಪಷ್ಟವಾಗಿರುವ ಆಳ ಒಂದು ಗೇಣಿಗಿಂತ ಚೂರು ಹೆಚ್ಚು, ಅಷ್ಟೇ. ಅದರಲ್ಲಿ ಅರ್ಧ ಗೇಣು ಮುಂದಕ್ಕೆ ಜಾರಿದರೂ ಕೊಕ್ಕು ಸಿಗುತ್ತದೆ, ಕಣ್ಣು ಹೋಗುತ್ತದೆ.

ನನ್ನ ನಿಕಾನ್ ಡಿ7200ರಲ್ಲಿ ಫೋಕಸ್ ತಿದ್ದುವ ಎಎಫ್ ಫೈನ್ ಟ್ಯೂನ್ ಇದೆಯಲ್ಲ (ಪ್ಲಸ್ ಅಂದರೆ ಫೋಕಸ್ ಹಿಂದಕ್ಕೆ, ಮೈನಸ್ ಅಂದರೆ ಮುಂದಕ್ಕೆ), +14 ಹಾಕಿದೆ. 300 ಸರಿಹೋಯಿತು, 70 ಕೆಟ್ಟಿತು. ಮುಖಕ್ಕೆ ಫೋಕಸ್ ಇಟ್ಟರೆ ಕಿವಿ ಸ್ಪಷ್ಟ. +7ಕ್ಕೆ ತಂದೆ, ಎರಡೂ ಅರೆಬರೆ. ಅಲ್ಲೇ ನನಗೆ ಹೊಳೆಯಬೇಕಿತ್ತು. ಸೂಪರ್‌ಜೂಮ್ ಅಂದರೆ ಒಂದು ಲೆನ್ಸ್ ಅಲ್ಲ, ಒಂದೇ ಕೊಳವೆಯಲ್ಲಿ ಸಂಸಾರ ಹೂಡಿದ ನಾಲ್ಕೈದು ಲೆನ್ಸ್. ಬಾಡಿ, ಅಂದರೆ ಕ್ಯಾಮೆರಾ, ಕೊಡುವುದು ಎಲ್ಲಕ್ಕೂ ಸೇರಿ ಒಂದೇ ಅಂಕಿ.

ಹಾಗಾಗಿ ಡಾಕ್ ತರಿಸಿದೆ. ಇಲ್ಲಿ ಅಂಗಡಿಯ ಮೇಲೆ ಸಿಟ್ಟು ತೀರಿಸಿಕೊಳ್ಳಲೇಬೇಕು. ಆರ್ಡರ್‌ನಲ್ಲಿ ನಿಕಾನ್ ಮೌಂಟ್ (ಲೆನ್ಸ್ ಕ್ಯಾಮೆರಾಗೆ ಕೂರುವ ಬಾಯಿ) ಎಂದು ಸ್ಪಷ್ಟವಾಗಿ ಬರೆದಿದ್ದೆ. ಬಂದದ್ದು ಕ್ಯಾನನ್‌ದು. ಫೋನ್ ಮಾಡಿದರೆ, "ಎರಡೂ ಒಂದೇ ಸಾರ್, ಸ್ವಲ್ಪ ಒತ್ತಿ ತಿರುಗಿಸಿ" ಎಂಬ ಸಲಹೆ. ಕೈಮುಗಿದು ಹೇಳುತ್ತೇನೆ, ಯಾರೂ ಒತ್ತಿ ತಿರುಗಿಸಬೇಡಿ. ಡಾಕ್ ಮೌಂಟಿಗೆ ತಕ್ಕ ಹಾಗೆ ಬೇರೆ ಬೇರೆ ಇರುತ್ತದೆ, ಕಾಂಟ್ಯಾಕ್ಟ್ ಪಿನ್ ಮುರಿದರೆ ಲೆನ್ಸೇ ಹೋಯಿತು. ವಾಪಸ್ ಕಳಿಸಿದ ಕೊರಿಯರ್ ದುಡ್ಡೂ ನನ್ನದೇ. ಎರಡನೇ ಪೊಟ್ಟಣದಲ್ಲಿ ಯುಎಸ್‌ಬಿ ಕೇಬಲ್ ಇರಲಿಲ್ಲ. ಮೂರು ವಾರ ಹೀಗೇ ಕಳೆಯಿತು. ಕೊಳ್ಳುವವನಿಗೆ ಫೋಟೋ ಒಂದು ಹವ್ಯಾಸ ಇರಬಹುದು, ಮಾರುವವರಿಗೆ ಈ ವ್ಯಾಪಾರ ಕಸುಬು. ಪೆಟ್ಟಿಗೆ ಮೇಲಿನ ಹೆಸರನ್ನು ಓದಿ ಕಳಿಸುವಷ್ಟು ಗಮನವನ್ನಾದರೂ ನಾವು ಕೇಳಬಾರದೇ?

ಡಾಕ್ ಸೇರಿಸಿ ಸಿಗ್ಮಾದ ಆಪ್ಟಿಮೈಸೇಷನ್ ಪ್ರೊ ತಂತ್ರಾಂಶ ತೆರೆದಾಗ ಎದೆ ಧಸಕ್ಕೆಂದಿತು. ಪರದೆಯ ಮೇಲೆ ಚೌಕಾಬಾರದ ಮನೆ ಎಳೆದ ಹಾಗೆ ನಾಲ್ಕು ಫೋಕಲ್ ಲೆಂತ್ (ಜೂಮ್‌ನ ಹಂತ), ನಾಲ್ಕು ದೂರ, ಒಟ್ಟು ಹದಿನಾರು ಮನೆ. ಎಲ್ಲದರಲ್ಲೂ ಸೊನ್ನೆ ಇರಬೇಕು. ಇಲ್ಲಿ 300ರ ಸಾಲಿನಲ್ಲಿ -13, -12, -12, -10! ಮಧ್ಯದ ಸಾಲುಗಳಲ್ಲಿ +3, -2. ನನಗಿಂತ ಮುಂಚೆ ಇದನ್ನು ಇಟ್ಟುಕೊಂಡಿದ್ದ ಪುಣ್ಯಾತ್ಮರು ತಮ್ಮ ಕ್ಯಾಮೆರಾಗೆ ಹೊಂದಿಸಿಕೊಂಡು, ಅದನ್ನು ಹಾಗೇ ಬಿಟ್ಟು ಮಾರಿದ್ದರು. ಈ ಅಂಕಿಗಳು ಕುಳಿತಿರುವುದು ಲೆನ್ಸ್ ಒಳಗೇ. ಯಾವ ಬಾಡಿಗೆ ಹಾಕಿದರೂ ಜೊತೆಗೇ ಬರುತ್ತವೆ. ಬಾಡಿಯಲ್ಲಿ ಎಷ್ಟು ತಡಕಾಡಿದರೂ ಕಾಣುವುದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಡಾಕ್ ಹಾಕುವಂಥ ಲೆನ್ಸ್ ಕೊಳ್ಳುವವರು ಬೇರೆಲ್ಲ ಪರೀಕ್ಷೆಗೆ ಮೊದಲು ಇದನ್ನು ನೋಡಿ. ಟ್ಯಾಮ್ರಾನ್‌ನ ಟ್ಯಾಪ್-ಇನ್ ಕನ್ಸೋಲ್ (ಅವರ ಡಾಕ್) ಹಾಕುವ ಲೆನ್ಸ್‌ಗಳಿಗೂ ಈ ಮಾತು ಸಲ್ಲುತ್ತದೆ.

ಎಲ್ಲ ಸೊನ್ನೆ ಮಾಡಿದೆ. ಮುಕ್ಕಾಲು ಪಾಲು ಸರಿಹೋಯಿತು. ಉಳಿದ ಕಾಲು ಪಾಲಿಗೆ ಬಾಡಿ-ಲೆನ್ಸ್ ಜೋಡಿಯ ಸಣ್ಣ ವ್ಯತ್ಯಾಸ ಕಾರಣ, ಅದು ಸಹಜ. ಆಫೀಸು ಮುಗಿಸಿ ಬಂದು ರಾತ್ರಿ ಹೊತ್ತು ಪಾರ್ಕಿಂಗ್‌ನಲ್ಲಿ ಎಲ್‌ಇಡಿ ಬಲ್ಬಿನ ಕೆಳಗೆ ಸ್ಕೇಲ್ ಇಟ್ಟು ಹತ್ತು ಮೀಟರ್ ದೂರದಿಂದ ತೆಗೆಯುತ್ತಿದ್ದೆ. ಹತ್ತಿರ ಇಟ್ಟು ಅಳೆಯಬೇಡಿ: ಈ ಜಾತಿಯ ಲೆನ್ಸ್ ಹತ್ತಿರದ ವಸ್ತುವಿಗೆ ಫೋಕಸ್ ಮಾಡುವಾಗ ಒಳಗೇ ಕುಗ್ಗುತ್ತದೆ, ಅಲ್ಲಿ 300 ನಿಜವಾದ 300 ಆಗಿರುವುದಿಲ್ಲ. ಬಿಚ್ಚು, ಡಾಕಿಗೆ ಹಾಕು, ಬರೆ, ಬಾಡಿಗೆ ಹಾಕು, ತೆಗೆ, ನೋಡು. ಮತ್ತೆ ಬಿಚ್ಚು. ಒಂದು ಮನೆಗೆ ಕಡಿಮೆಯೆಂದರೂ ಆರು ಸುತ್ತು. 300ರ ಸಾಲಿಗೆ +9 ಸಿಕ್ಕಿತು. ಆ ಭಾನುವಾರವೇ ರಂಗನತಿಟ್ಟಿಗೆ ಓಡಿದೆ.

ಬಣ್ಣದ ಕೊಕ್ಕರೆಯ ಗೂಡು, ಒಳ್ಳೆಯ ಬೆಳಕು, ದೋಣಿ ನಿಂತಿತ್ತು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಹಕ್ಕಿಯ ಹಿಂದಿನ ಕಡ್ಡಿಗಳು ಎಣಿಸುವ ಹಾಗಿವೆ, ಕಣ್ಣು ಮಬ್ಬು. ಅವತ್ತು ರಾತ್ರಿ ಊಟ ಸೇರಲಿಲ್ಲ. ಆದರೆ ಆ ಕಡ್ಡಿಗಳೇ ದಾರಿ ತೋರಿಸಿದವು. ಇಷ್ಟು ದಿನ ಮುಂದಕ್ಕೆ ಜಾರುತ್ತಿದ್ದ ಫೋಕಸ್ ಈಗ ಹಿಂದಕ್ಕೆ ಹೋಗಿದೆ, ಅಂದರೆ ನನ್ನ ತಿದ್ದುಪಡಿಯೇ ಜಾಸ್ತಿ. ಪಾರ್ಕಿಂಗ್‌ನಲ್ಲಿ ಸರಿಯಿದ್ದದ್ದು ನದಿಯಲ್ಲಿ ಯಾಕೆ ತಪ್ಪಿತು? ದೂರವೂ ಅದೇ, ಲೆನ್ಸೂ ಅದೇ, ಬದಲಾದದ್ದು ಬೆಳಕು ಮಾತ್ರ. ವ್ಯೂಫೈಂಡರ್‌ನಲ್ಲಿ ನೋಡುವಾಗ ಫೋಕಸ್ ಲೆಕ್ಕ ಹಾಕುವುದು ಕನ್ನಡಿಯ ಕೆಳಗಿನ ಬೇರೆ ಸೆನ್ಸರ್. ಬೆಳಕಿನ ಬಣ್ಣ ಬದಲಾದರೆ ಅದರ ಲೆಕ್ಕವೂ ಚೂರು ಸರಿಯುತ್ತದೆ. 35 ಎಂಎಂನಲ್ಲಿ ಅದು ಗೊತ್ತೇ ಆಗುವುದಿಲ್ಲ, 300ರಲ್ಲಿ ಕಣ್ಣಿಗೆ ರಾಚುತ್ತದೆ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾದ ಗೆಳೆಯರಿಗೆ ಈ ಗೋಳು ಇಲ್ಲ, ಅಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸನ್ನೂ ನೋಡಿಕೊಳ್ಳುತ್ತದೆ. ಸೋನಿ, ಫ್ಯೂಜಿ ಇರುವವರು 2021ರ ಟ್ಯಾಮ್ರಾನ್ 18-300 ಹಾಕಿಕೊಂಡು ಹಾಯಾಗಿರಿ.

ಮಾರನೇ ದಿನದಿಂದ ಕೆಲಸ ತಾರಸಿಗೆ ಬಂತು. ಬೆಳಗ್ಗೆ ಆರೂವರೆಯಿಂದ ಏಳೂವರೆ, ಹಗಲು ಬೆಳಕಿನಲ್ಲಿ ಮಾತ್ರ. ಪ್ರತಿ ಫ್ರೇಮಿಗೂ ಮುನ್ನ ಫೋಕಸ್ ಕೆಡಿಸಿಕೊಂಡು, ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ ಬರುವ ಹಾಗೆ. 300ರ ಸಾಲಿಗೆ ಬಂದ ಉತ್ತರ +4. ಆ +4ರಲ್ಲೇ ಇವತ್ತಿನ ಕಾಗೆ.

ಬೆಳಗಿನ ಈ ಕೆಲಸದ ನಡುವೆ ಮುಂದಿನದೊಂದು ಹುಟ್ಟಿಕೊಂಡಿದೆ. ಅಮ್ಮ ಹಳೇ ಜೀನ್ಸ್ ಕಾಲು ಕತ್ತರಿಸಿ ಒಂದು ಚೀಲ ಹೊಲಿದುಕೊಟ್ಟಿದ್ದಾರೆ, ಒಳಗೆ ಎರಡು ಕೆಜಿ ರಾಗಿ. ದೋಣಿಯ ಅಂಚಿನ ಮೇಲೆ ಲೆನ್ಸ್ ಊರುವುದಕ್ಕೆ ಅಂತ ಮಾಡಿಸಿದ್ದು. ಆದರೆ ಸೋಮನಾಥಪುರದಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕಲ್ಲ, ಅಲ್ಲಿ ಇದೇ ಚೀಲದ ಮೇಲೆ ಕ್ಯಾಮೆರಾವನ್ನು ಅಂಗಾತ ಮಲಗಿಸಿ, 18 ಎಂಎಂ, ಟೈಮರ್ ಹಾಕಿ, ನೆತ್ತಿಯ ಮೇಲಿನ ಭುವನೇಶ್ವರಿಗಳನ್ನು (ಕೆತ್ತನೆಯ ಒಳಛಾವಣಿಗಳನ್ನು) ಒಂದೊಂದಾಗಿ ತೆಗೆಯಬಹುದು. 1258ರ ಗುಡಿ. ಕಲ್ಲಿನ ಬಾಳೆಮೂತಿ ಕೆಳಗೆ ಇಳಿಬಿದ್ದಿರುವುದನ್ನು ಎರಡು ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ನೋಡಬೇಕೆಂಬ ಆಸೆ ಬಹಳ ದಿನದ್ದು. ಕತ್ತಲೆಯಲ್ಲಿ ಲೈವ್ ವ್ಯೂ ಫೋಕಸ್ ಸಾಕು, ಹದಿನಾರು ಮನೆಯ ಹಂಗಿಲ್ಲ. ರಾಗಿ ಮಾತ್ರ ಅಮ್ಮನಿಗೆ ವಾಪಸ್ ಕೊಡಬೇಕಂತೆ.

ಸದ್ಯಕ್ಕೆ ಹದಿನೈದು ಮನೆ ಮುಗಿದಿದೆ. ಉಳಿದಿರುವುದು ಒಂದು: 300, ಇನ್ಫಿನಿಟಿ, ಅಂದರೆ ಅತಿ ದೂರದ ಮನೆ. ನಮ್ಮ ತಾರಸಿಯಿಂದ ಚಾಮುಂಡಿ ಬೆಟ್ಟದ ಗೋಪುರ ನೇರ ಕಾಣುತ್ತದೆ, ಅದಕ್ಕೇ ಫೋಕಸ್ ಇಟ್ಟು ನೋಡಬೇಕು. ನಾಲ್ಕು ದಿನದಿಂದ ಬೆಟ್ಟಕ್ಕೆ ಮಂಜು ಕವಿದಿದೆ. ನಾಳೆ ಐದೂವರೆಗೆ ಅಲಾರಂ ಇಟ್ಟಿದ್ದೇನೆ.