ಹಳೇ ವಿಲನ್‌ಗಳ ನಕಲು: ಡೂಮ್ ಮುಗಿದ, ಆಕ್ಟೋಪಸ್ ಅರ್ಧ

ಹಳೇ ಸೂಪರ್‌ಹೀರೋ ಕಾಮಿಕ್ಸ್‌ನ ಪ್ಯಾನಲ್‌ಗಳನ್ನು, ಅಂದರೆ ಪುಟದ ಒಂದೊಂದು ಚಿತ್ರದ ಚೌಕವನ್ನು, ನೋಡಿಕೊಂಡು ಬರೆಯುವ ಕೆಲಸ ನಡೆದಿದೆ. ಟ್ರೇಸಿಂಗ್ ಇಲ್ಲ. ಮೊದಲು ಪೆನ್ಸಿಲ್, ಅದರ ಮೇಲೆ ಬ್ರಷ್ಷಿನಲ್ಲಿ ಕಪ್ಪು ಇಂಕ್. ಹೀರೋಗಳ ಗೊಡವೆ ಬೇಡ, ವಿಲನ್‌ಗಳು ಮಾತ್ರ ಅಂತ ಶುರುವಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

ಡಾಕ್ಟರ್ ಡೂಮ್ ಮುಗಿದ. 'ಫೆಂಟಾಸ್ಟಿಕ್ ಫೋರ್'ನ 5ನೇ ಸಂಚಿಕೆ, 1962. ಅವನು ಮೊದಲ ಸಲ ಬರುವುದೇ ಅದರಲ್ಲಿ. ಪೆನ್ಸಿಲ್ ಜ್ಯಾಕ್ ಕರ್ಬಿಯದು, ಇಂಕ್ ಜೋ ಸಿನ್ನಾಟ್‌ದು. ಮೊದಲ ಪುಟದಲ್ಲೇ ಆಸಾಮಿ ನಾಲ್ಕೂ ಹೀರೋಗಳನ್ನು ಚದುರಂಗದ ಕಾಯಿ ಮಾಡಿಕೊಂಡು ಕೂತಿದ್ದಾನೆ, ಪಕ್ಕದಲ್ಲೊಂದು ರಣಹದ್ದು. ಇದಕ್ಕಿಂತ ಪರಿಚಯ ಬೇಕಾ? ಆದರೆ ಬರೆಯಲು ಕೂತಾಗ ತಲೆನೋವು ಶುರುವಾಗುವುದು ಮುಖದ ಹತ್ತಿರ. ಪೂರ್ತಿ ಲೋಹದ ಮುಖವಾಡ. ಏರಿಸಲು ಹುಬ್ಬಿಲ್ಲ, ಕಚ್ಚಲು ತುಟಿಯಿಲ್ಲ. ಸಿಟ್ಟು, ಜಂಬ, ಸೋಲು ಎಲ್ಲಕ್ಕೂ ಅದೊಂದೇ ಮುಖ. ಹಾಗಾಗಿ ಕರ್ಬಿ ಮಾತನ್ನೆಲ್ಲ ಕೈಗೆ ಕೊಟ್ಟುಬಿಡುತ್ತಾರೆ. ಬೆರಳುಗಳು ಅಗಲವಾಗಿ ಬಿಚ್ಚಿಕೊಂಡು ನಮ್ಮ ಕಡೆಗೇ ಚಾಚುತ್ತವೆ. ಈಗ ಡೂಮ್‌ನ ಯಾವ ಪ್ಯಾನಲ್ ಸಿಕ್ಕರೂ ಮೊದಲು ಕೈ ಬರೆಯುತ್ತೇನೆ, ಮುಖ ಕೊನೆಗೆ.

ಬಣ್ಣದ ವಿಷಯ ಸುಮ್ನೆ ಒಂದು ಮಾತು. ಹೀರೋಗಳಿಗೆ ಕೆಂಪು-ನೀಲಿ, ವಿಲನ್‌ಗಳಿಗೆ ಹಸಿರು-ನೇರಳೆ. ಡೂಮ್‌ನ ನಿಲುವಂಗಿ ಹಸಿರು, ಸ್ಪೈಡರ್‌ಮ್ಯಾನ್‌ನ ವೈರಿ ಡಾಕ್ಟರ್ ಆಕ್ಟೋಪಸ್‌ನ ಬಟ್ಟೆ ಹಸಿರು, ಸ್ಪೈಡರ್‌ಮ್ಯಾನ್‌ನ ಇನ್ನೊಬ್ಬ ವೈರಿ ಗ್ರೀನ್ ಗಾಬ್ಲಿನ್ ಅಂತೂ ಎರಡೂ. ನನ್ನ ಬಣ್ಣದ ಡಬ್ಬಿಯಲ್ಲಿ ಬೇಗ ಖಾಲಿಯಾಗುವುದು ಯಾವುದು ಅಂತ ಬೇರೆ ಹೇಳಬೇಕಿಲ್ಲ.

ಈಗ ಕೈಯಲ್ಲಿರುವವನು ಡಾಕ್ಟರ್ ಆಕ್ಟೋಪಸ್. 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 3ನೇ ಸಂಚಿಕೆ, 1963, ಚಿತ್ರ ಸ್ಟೀವ್ ಡಿಟ್ಕೋ ಅವರದು. ಆಳು ನೋಡಲು ಏನೂ ಅಲ್ಲ. ಗುಂಡಗಿನ ಮೈ, ದಪ್ಪ ಕನ್ನಡಕ, ಕೆಟ್ಟ ಹೇರ್‌ಕಟ್. ಭಯ ಇರುವುದೆಲ್ಲ ಆ ನಾಲ್ಕು ಲೋಹದ ತೋಳುಗಳಲ್ಲಿ. ಅವು ಬಳೆ ಪೋಣಿಸಿದ ಹಾಗೆ ಉಂಗುರ ಉಂಗುರ. ತೋಳು ತಿರುಗುವ ಕಡೆ ಒಳಬದಿಯ ಗೆರೆಗಳು ಹತ್ತಿರ ಬರಬೇಕು, ಹೊರಬದಿಯವು ದೂರ ಸರಿಯಬೇಕು. ಎಲ್ಲ ಒಂದೇ ಅಳತೆಯಲ್ಲಿ ಎಳೆದರೆ ನೀರಿನ ಪೈಪು ಆಗುತ್ತದೆ, ಅಷ್ಟೇ. ಇನ್ನೊಂದು ಜಾಣತನ ಇದೆ. ಪ್ಯಾನಲ್‌ನಲ್ಲಿ ಆ ತೋಳುಗಳು ಎತ್ತ ಹೋಗುತ್ತವೋ ನಮ್ಮ ಕಣ್ಣೂ ಅತ್ತಲೇ ಹೋಗುತ್ತದೆ.

ಇವನ ಲೆಕ್ಕದಲ್ಲಿ ನಾನು ಸೇರಿಸಿರುವ ಕೊನೆಯ ಪುಟಗಳಲ್ಲಿ ಅವನೇ ಇಲ್ಲ! ಅದು 33ನೇ ಸಂಚಿಕೆ, 1966. ಹಿಂದಿನ ಸಂಚಿಕೆಯ ಜಗಳದಲ್ಲಿ ಆಕ್ಟೋಪಸ್‌ನ ಅಡಗುತಾಣ ಕುಸಿದು, ದೈತ್ಯ ಯಂತ್ರವೊಂದರ ಅಡಿ ಸ್ಪೈಡರ್‌ಮ್ಯಾನ್ ಸಿಕ್ಕಿಕೊಂಡಿದ್ದಾನೆ. ಮೇಲಿಂದ ನೀರು ಸೋರುತ್ತಿದೆ. ಅವನನ್ನು ಸಾಕಿದ ದೊಡ್ಡಮ್ಮ ಮೇ ಅವರ ಜೀವ ಉಳಿಸುವ ಔಷಧಿ ಕಣ್ಣೆದುರೇ ಬಿದ್ದಿದೆ, ಕೈಗೆ ಎಟುಕುತ್ತಿಲ್ಲ. ಮೊದಮೊದಲು ಪ್ಯಾನಲ್‌ಗಳು ಸಣ್ಣವು, ಇಕ್ಕಟ್ಟಾದವು. ಅವನು ಒಂದೊಂದು ಇಂಚು ಎತ್ತಿದ ಹಾಗೆ ಪ್ಯಾನಲ್‌ಗಳೂ ದೊಡ್ಡದಾಗುತ್ತವೆ. ಕೊನೆಗೆ ಒಂದಿಡೀ ಪುಟ. ಯಂತ್ರ ಮೇಲೆ, ಅವನು ಕೆಳಗೆ, ಎದ್ದು ನಿಂತೇಬಿಟ್ಟ.

ಎಲ್ಲರೂ ಆ ದೊಡ್ಡ ಪುಟವನ್ನೇ ಹೊಗಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಅದರ ಹಿಂದಿನ ಇಕ್ಕಟ್ಟಿನ ಪ್ಯಾನಲ್‌ಗಳು. ಡೂಮ್‌ನಲ್ಲಿ ಮುಖ ಹೋಯಿತು, ಇಲ್ಲಿ ವಿಲನ್ನೇ ಹೋದ. ಉಳಿದದ್ದು ಅವನ ಕಬ್ಬಿಣದ ಭಾರ ಮಾತ್ರ. ಆದರೂ ಹೆದರಿಕೆ ಒಂಚೂರೂ ಕಮ್ಮಿಯಾಗಿಲ್ಲ, ಅಲ್ವಾ? ಕಥೆ ಕಟ್ಟುವ ಕೆಲಸವೂ ಆ ಹೊತ್ತಿಗೆ ಡಿಟ್ಕೋ ಅವರದೇ ಆಗಿತ್ತು. ಸಂಭಾಷಣೆ ಸ್ಟ್ಯಾನ್ ಲೀ. ಮಾತಿನ ಬಲೂನುಗಳನ್ನು ಬೆರಳಿನಿಂದ ಮುಚ್ಚಿಕೊಂಡು ನೋಡಿ, ಏನು ನಡೆಯುತ್ತಿದೆ ಅಂತ ಆಗಲೂ ಗೊತ್ತಾಗುತ್ತದೆ.

ಸಣ್ಣ ಪ್ಯಾನಲ್‌ಗಳಿಗೆ ಇಂಕ್ ಆಯಿತು. ದೊಡ್ಡ ಪುಟ ಇನ್ನೂ ಪೆನ್ಸಿಲ್‌ನಲ್ಲೇ ಇದೆ. ಯಂತ್ರದ ಕಪ್ಪು ಭಾಗಗಳಿಗೆ ದಪ್ಪ ಬ್ರಷ್ ತರಬೇಕು. ಅದಾದ ಮೇಲೆ ಬ್ಯಾಟ್‌ಮ್ಯಾನ್‌ನ ವೈರಿ, 1940ರ ಜೋಕರ್. ಅವನದು ಮುಖವೇ ಎಲ್ಲ, ಹಾಗಾಗಿ ಇಷ್ಟು ದಿನ ಕಲಿತದ್ದು ಅಲ್ಲಿ ಏನೂ ಕೆಲಸಕ್ಕೆ ಬರುವುದಿಲ್ಲ.